ಜಾಡು ತಪ್ಪಿದ ಜಾಗದಲ್ಲೇ ನಿಲ್ಲಿ: ದುರ್ಗದ ಗುಡ್ಡ, ಹಳ್ಳಗಳಲ್ಲಿ ನಡೆಯುವ ಬಗೆ

ನಾನು ದೊಡ್ಡ ಚಾರಣಿಗನೇನಲ್ಲ. ಚಿತ್ರದುರ್ಗದಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಮೊದಲು ಎರಡು ವರ್ಷ ಸರ್ವೆಯವರ ಜೊತೆ ಇದ್ದೆ. ಗುಡ್ಡಗಳ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನೆಡುತ್ತಿದ್ದ ಕಾಲ ಅದು. ಅಳತೆ ಕೋಲು ಹೊತ್ತುಕೊಂಡು ಇಂಜಿನಿಯರ್ ಹಿಂದೆ ಹತ್ತುವುದು, ಇಳಿಯುವುದು, ಇಷ್ಟೇ ಕೆಲಸ. ನಾವು ಹೋಗುವ ಕಡೆ ರಸ್ತೆ ಇರಲಿಲ್ಲ. ಕುರಿಯವರು, ಸೌದೆಯವರು, ಸೀತಾಫಲ ಕೀಳುವವರು ತುಳಿದ ಜಾಡೇ ನಮಗೆ ದಾರಿ.

ಈಗ ಭಾನುವಾರ ಅಂಗಡಿ ಮುಚ್ಚಿ ನಡೆಯುತ್ತೇನೆ. ನನ್ನ ಮಗನ ವಯಸ್ಸಿನ ಹುಡುಗರು ಬಂದು, "ಅಂಕಲ್, ನಾವೂ ಬರ್ತೀವಿ, ದಾರಿ ಹೇಳಿ" ಅನ್ನುತ್ತಾರೆ. ದಾರಿ ಹೇಳುವುದು ಕಷ್ಟ. ದಾರಿ ನೋಡುವುದು ಹೇಗೆ ಅಂತ ಹೇಳಬಹುದು.

ಮೊದಲು ಅನುಮತಿ ವಿಷಯ ಮುಗಿಸಿಬಿಡೋಣ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ 2015ರಿಂದ ವನ್ಯಜೀವಿಧಾಮ. ಸುಮಾರು 100 ಚದರ ಕಿಲೋಮೀಟರ್ ಕಾಡು ಅದರೊಳಗಿದೆ. ಆ ಕಡೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳಿಗಾಗಿಯೇ ಮೀಸಲಾದ ವನ್ಯಜೀವಿಧಾಮ, ಅದು 2011ರದ್ದು. ಎರಡರಲ್ಲೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ದಾರಿ ಬಿಟ್ಟು ಒಳಗೆ ಹೋಗುವುದು ಅಪರಾಧ. ಮೊದಲು ಇಲಾಖೆ ಕಚೇರಿಗೆ ಹೋಗಿ, ಎಲ್ಲಿಗೆ, ಯಾವತ್ತು, ಎಷ್ಟು ಜನ ಅಂತ ಹೇಳಿ ಕೇಳಿ. ಕೊಟ್ಟರೆ ಕಾಡು ಕಾಯುವ ವಾಚರ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಇಲ್ಲ ಅಂದರೆ ವಾದ ಮಾಡಬೇಡಿ, ಆಡುಮಲ್ಲೇಶ್ವರದ ಕಡೆ ಜನ ಓಡಾಡುವ ದಾರಿಯಲ್ಲೇ ನಡೆದು ಬನ್ನಿ.

ಮಸುಕು ಜಾಡು ಕಲಿಯಲು ದೊಡ್ಡ ಕಾಡೇ ಬೇಕಾಗಿಲ್ಲ. ನಾನು ಹುಡುಗರನ್ನು ಮೊದಲು ಚಂದ್ರವಳ್ಳಿ ಸುತ್ತಲಿನ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ. ಮಯೂರಶರ್ಮನ ಶಾಸನ ಇರುವ ಬಂಡೆ ನೋಡಿ, ಕೆರೆ ದಾಟಿ, ಯಾವುದಾದರೂ ಒಂದು ಕಾಲುದಾರಿ ಹಿಡಿಯುತ್ತೇವೆ. ದಾರಿ ತಪ್ಪಿದರೂ ಊರು ಕಣ್ಣೆದುರಿಗೇ ಇರುತ್ತದೆ. ತಪ್ಪು ಮಾಡಿ ಕಲಿಯಲು ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಅಲ್ಲಿ ಮೊದಲು ಕಲಿಸುವುದು ಮೇಕೆ ಜಾಡು ಯಾವುದು, ಮನುಷ್ಯರ ಜಾಡು ಯಾವುದು ಅನ್ನುವುದನ್ನು. ನೆಲ ನೋಡಿದರೆ ಎರಡೂ ಒಂದೇ ಥರ. ಹುಲ್ಲು ತುಳಿದಿರುತ್ತದೆ, ಮಣ್ಣು ಕಾಣುತ್ತದೆ, ಹಿಕ್ಕೆ ಬಿದ್ದಿರುತ್ತದೆ. ಆದ್ದರಿಂದ ನೆಲ ನೋಡಬೇಡಿ, ಸೊಂಟದ ಮಟ್ಟದಲ್ಲಿ ನೋಡಿ. ಮೇಕೆ ಲಂಟಾನದ ಕೆಳಗೆ ನುಸುಳಿ ಹೋಗುತ್ತದೆ. ಮೊಣಕಾಲಿನ ತನಕ ದಾರಿ ಚೆನ್ನಾಗಿರುತ್ತದೆ, ಅದರ ಮೇಲೆ ಗಿಡ ಹೆಣೆದುಕೊಂಡಿರುತ್ತದೆ. ಮನುಷ್ಯ ಓಡಾಡಿದ ಕಡೆ ಎದೆಮಟ್ಟದ ಕೊಂಬೆ ಮುರಿದಿರುತ್ತದೆ. ಕೊಂಬೆ ತುದಿ ಕೈಗೆ ತಗೊಂಡು ನೋಡಿ. ಕುಡುಗೋಲಿನಿಂದ ಕಡಿದಿದ್ದರೆ ತುದಿ ಓರೆಯಾಗಿ, ಸಾಪಾಗಿ ಇರುತ್ತದೆ. ದನ ಮುರಿದಿದ್ದರೆ ಸಿಬಿರು ಎದ್ದು ತೊಗಟೆ ಜೋತಾಡುತ್ತದೆ. ಓರೆ ಕಡಿತ ಕಂಡರೆ ಧೈರ್ಯವಾಗಿ ಮುಂದೆ ಹೋಗಬಹುದು. ಯಾರೋ ಒಬ್ಬರು ಈ ದಾರೀಲಿ ಮನೆಗೆ ಹೋಗಿದ್ದಾರೆ ಅಂತ ಅರ್ಥ.

ಮೇಕೆ ಜಾಡಿಗೆ ಇನ್ನೊಂದು ಗುಣ ಇದೆ. ಅದು ಮುಂದೆ ಹೋಗ್ತಾ ಹೋಗ್ತಾ ಸಣ್ಣದಾಗುತ್ತದೆ. ಐವತ್ತು ಹೆಜ್ಜೆಗೆ ಒಂದು ಕವಲು, ಅದಕ್ಕೆ ಮತ್ತೊಂದು ಕವಲು, ಕೊನೆಗೆ ಒಂದು ಕಾರೆ ಗಿಡದ ಬುಡದಲ್ಲಿ ಮಾಯ. ಮೇಯಲು ಬಂದ ಮೇಕೆಗೆ ಎಲ್ಲಿಗೂ ಹೋಗಬೇಕಾಗಿಲ್ಲ, ಅಲ್ವಾ? ಮನುಷ್ಯರ ದಾರಿ ಹಾಗಲ್ಲ. ಅದು ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿರುತ್ತದೆ: ಹಟ್ಟಿಯಿಂದ ದೊಣೆಗೆ (ಬಂಡೆಯಲ್ಲಿ ನೀರು ನಿಲ್ಲುವ ಗುಂಡಿ), ದೊಣೆಯಿಂದ ಎರಡು ಗುಡ್ಡದ ನಡುವಿನ ತಗ್ಗಿಗೆ, ಅಲ್ಲಿಂದ ಆಚೆ ಊರಿಗೆ. ಹಾಗಾಗಿ ಜಾಡು ಕಾಣದಾಗ ನನಗೆ ನಾನೇ ಕೇಳಿಕೊಳ್ಳುತ್ತೇನೆ, ತಲೆ ಮೇಲೆ ಸೌದೆ ಹೊರೆ ಇದ್ದಿದ್ದರೆ ಎಲ್ಲಿ ಹೋಗುತ್ತಿದ್ದೆ ಅಂತ. ಹೊರೆ ಹೊತ್ತವರು ಕಡಿದಾದ ಕಡೆ ನೇರ ಹತ್ತುವುದಿಲ್ಲ. ಹಳ್ಳವನ್ನು ದಂಡೆ ತಗ್ಗಿರುವ ಕಡೆಯೇ ದಾಟುತ್ತಾರೆ. ಅಲ್ಲಿ ಹುಡುಕಿದರೆ ಮುಕ್ಕಾಲು ಸಲ ಜಾಡು ಸಿಗುತ್ತದೆ.

ಬಂಡೆ ಮೇಲೆ ಬೇರೆ ಲೆಕ್ಕ. ಕೋಟೆ ಕಡೆಯ ಗುಡ್ಡಗಳು ಗ್ರಾನೈಟ್. ಬಂಡೆ ಮೇಲೆ ಕಪ್ಪು, ಬೂದು ಬಣ್ಣದ ಕಲ್ಲುಹೂವು ಹಬ್ಬಿರುತ್ತದೆ. ಜನ ನಡೆದ ಕಡೆ ಅದು ಸವೆದು, ಒಂದು ಅಡಿ ಅಗಲದ ತಿಳಿ ಪಟ್ಟೆ ಬಿದ್ದಿರುತ್ತದೆ. ಹತ್ತಿರ ನಿಂತು ನೋಡಿದರೆ ಏನೂ ಕಾಣುವುದಿಲ್ಲ, ಹತ್ತು ಹೆಜ್ಜೆ ಹಿಂದೆ ಬಂದು ನೋಡಿ. ಜೋಗಿಮಟ್ಟಿ ಕಡೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿನದು ಹಸಿರುಗಪ್ಪು ಕಲ್ಲು, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಕಲ್ಲು ನೋಡಿದ್ದೀರಲ್ಲ, ಸಮುದ್ರದ ತಳದಲ್ಲಿ ಹರಿದು ಗಟ್ಟಿಯಾದದ್ದು? ಇದೂ ಅದೇ ಬಳಗ. ಹಳೇ ಕಲ್ಲು, ಆದರೆ ಕಾಲಿಗೆ ನಂಬಿಕಸ್ಥ ಅಲ್ಲ. ಇಳಿಯುವಾಗ ಇಬ್ಬರು ಒಬ್ಬರ ಹಿಂದೆ ಒಬ್ಬರು ನೇರವಾಗಿ ಇಳಿಯಬೇಡಿ. ಮೇಲಿನವರ ಕಾಲಿಂದ ಜಾರಿದ ಚಕ್ಕೆ ಕೆಳಗಿನವರ ತಲೆಗೆ ಬರುತ್ತದೆ. ಇಂಗಳದಾಳ್ ಕಡೆ ತಾಮ್ರದ ಗಣಿ ಇದ್ದದ್ದು ನಿಮಗೆ ಗೊತ್ತಿರಬಹುದು. ಆ ಭಾಗದಲ್ಲಿ ಗಿಡ ಮುಚ್ಚಿದ ಗುಂಡಿ ಕಂಡರೆ ಬಗ್ಗಿ ನೋಡುವ ಕುತೂಹಲ ಬೇಡ.

ಬೆಳಕೂ ಸಹಾಯ ಮಾಡುತ್ತದೆ. ನಡು ಮಧ್ಯಾಹ್ನ ಜಾಡು ಕಾಣುವುದೇ ಇಲ್ಲ, ಎಲ್ಲ ಒಂದೇ ಬಣ್ಣ. ಬೆಳಿಗ್ಗೆ ಎಂಟು ಗಂಟೆಯ ಓರೆ ಬಿಸಿಲಿನಲ್ಲಿ ಎದುರು ಗುಡ್ಡ ನೋಡಿ. ತುಳಿದ ಹುಲ್ಲಿನ ಸಾಲು ನೆರಳಿನ ಗೆರೆ ಥರ ಎದ್ದು ಕಾಣುತ್ತದೆ. ನಾನು ಬುಡದಲ್ಲೇ ಹತ್ತು ನಿಮಿಷ ಕೂತು ಅದನ್ನು ನೋಡಿಕೊಂಡು ಹೊರಡುತ್ತೇನೆ. ಹುಡುಗರಿಗೆ ಅಷ್ಟು ಹೊತ್ತಿಗೆ ಬೇಜಾರಾಗಿ ಸೆಲ್ಫಿ ಶುರುವಾಗಿರುತ್ತದೆ.

ಈಗ ನಕ್ಷೆ. ಸರ್ವೆ ಆಫ್ ಇಂಡಿಯಾದವರು 1:50,000 ಅಳತೆಯ ನಕ್ಷೆಗಳನ್ನು ಆನ್‌ಲೈನಲ್ಲಿ ಕೊಡುತ್ತಾರೆ. ನಕ್ಷೆಯ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಎತ್ತರದ ಗೆರೆ 20 ಮೀಟರಿಗೊಂದು. ಗೆರೆಗಳ ಮೂತಿ ಎತ್ತರದ ಕಡೆ ಚಾಚಿದ್ದರೆ ಅದು ಹಳ್ಳ. ತಗ್ಗಿನ ಕಡೆ ಚಾಚಿದ್ದರೆ ಗುಡ್ಡದ ಏಣು, ಅಂದರೆ ಬೆನ್ನಿನಂತೆ ಉದ್ದಕ್ಕೆ ಎದ್ದ ಭಾಗ. ಇಷ್ಟು ಗೊತ್ತಾದರೆ ಅರ್ಧ ನಕ್ಷೆ ಓದಿದ ಹಾಗೆ. ಬೇಕಾದ ಭಾಗ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿ. (ವ್ಯಾಪಾರಕ್ಕೆ ಹೇಳುತ್ತಿಲ್ಲ, ನಿಮ್ಮೂರಿನ ಅಂಗಡಿಯಲ್ಲೇ ಮಾಡಿಸಿ.) ಪ್ರಿಂಟ್ ಮಾಡುವಾಗ ಹಾಳೆಗೆ ಹೊಂದಿಸಿ ಹಿಗ್ಗಿಸಬೇಡಿ ಅಂತ ಹೇಳಿ, ಇಲ್ಲದಿದ್ದರೆ ಅಳತೆಯೆಲ್ಲ ಸುಳ್ಳಾಗುತ್ತದೆ. ಮೊಬೈಲಿನಲ್ಲೂ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಆದರೆ ಆಳವಾದ ಹಳ್ಳದಲ್ಲಿ ಎರಡೂ ಕಡೆ ಬಂಡೆ ಇದ್ದರೆ ಆ ನೀಲಿ ಚುಕ್ಕೆ ನೀವು ನಿಂತ ಜಾಗ ಬಿಟ್ಟು ಆಚೆ ದಂಡೆಗೆ ಹೋಗಿ ಕೂರುತ್ತದೆ.

ಆದರೆ ನಕ್ಷೆ ಒಂದು ವಿಷಯ ಹೇಳುವುದಿಲ್ಲ. ಅದನ್ನು ಕಲಿಯಲು ನಾನು ಒಂದು ರಾತ್ರಿ ಕೊಟ್ಟಿದ್ದೇನೆ.

ಡಿಸೆಂಬರ್ ತಿಂಗಳು. ಕೆಲಸ ಮುಗಿಸಿ ಎಲ್ಲರೂ ಏಣಿನ ಮೇಲಿಂದ ಜೀಪಿನ ಕಡೆ ಇಳಿಯುತ್ತಿದ್ದೆವು. ಅಳತೆ ಟೇಪು ಮೇಲೆಯೇ ಬಿಟ್ಟಿದ್ದು ಆಗ ಗೊತ್ತಾಯಿತು. ಮೂರೂವರೆ ಗಂಟೆ. "ನೀನು ಹೋಗಿ ತಗೊಂಡು ಬಾ" ಅಂತ ನನ್ನನ್ನು ಒಬ್ಬನೇ ಕಳಿಸಿದರು. ಕಂಪನಿ ಯಾವುದು ಅಂತ ಈಗ ಯಾಕೆ ಬಿಡಿ. ಟೇಪು ಸಿಕ್ಕಿತು. ವಾಪಸ್ ಬರುವಾಗ ಆಳೆತ್ತರದ ಬಾದೆ ಹುಲ್ಲಿನಲ್ಲಿ ಜಾಡು ಕಳೆದುಹೋಯಿತು. ಎಲ್ಲಿ ಕಳೆಯಿತು ಅಂತ ಚೆನ್ನಾಗಿ ಗೊತ್ತಿತ್ತು, ಬಂದರೆ ಅನ್ನುವ ಒಂದು ಗಿಡದ ಹತ್ತಿರ. ಆದರೆ ಕೆಳಗೆ ಊರು ಕಾಣುತ್ತಿತ್ತು. ಎಡಗಡೆ ಒಂದು ಹಳ್ಳ ನೇರವಾಗಿ ಆ ಊರಿನ ಕಡೆಗೇ ಇಳಿದಿತ್ತು. ಇದಕ್ಕಿಂತ ಸಲೀಸು ದಾರಿ ಯಾವುದಿದೆ ಅಂದುಕೊಂಡೆ.

ಹಳ್ಳದಲ್ಲಿ ಬಂಡೆಯ ಮೊದಲ ಮೆಟ್ಟಿಲು ಎದೆ ಎತ್ತರದ್ದು, ಕೂತು ಜಾರಿದೆ. ಎರಡನೇದು ಎರಡಾಳು ಎತ್ತರ. ಕೈಯಲ್ಲಿ ಜೋತು ಬಿದ್ದು ಬಿಟ್ಟೆ, ಮರಳಿನ ಮೇಲೆ ಬಿದ್ದೆ, ಏನೂ ಆಗಲಿಲ್ಲ. ಖುಷಿಯಾಯಿತು. ಇನ್ನೂ ಮೂವತ್ತು ಹೆಜ್ಜೆ ಹೋದೆ. ಅಲ್ಲಿ ಹಳ್ಳ ನಿಂತುಹೋಗಿತ್ತು. ಕೆಳಗೆ ನಲವತ್ತು ಅಡಿ ಜರಿ, ಅಂದರೆ ನೆಟ್ಟಗೆ ಇಳಿದ ಬಂಡೆ, ಅದರ ಬುಡದಲ್ಲಿ ಒಣಗಿದ ದೊಣೆ. ವಾಪಸ್ ಬಂದು ಎರಡನೇ ಮೆಟ್ಟಿಲು ಹತ್ತಲು ನೋಡಿದೆ. ನೀರು ಹರಿದು ಹರಿದು ಆ ಕಲ್ಲು ಗಾಜಿನ ಥರ ನುಣ್ಣಗಿತ್ತು. ಉಗುರು ಕಿತ್ತುಬಂತೇ ಹೊರತು ಒಂದು ಮೊಳ ಮೇಲೆ ಹೋಗಲಿಲ್ಲ. ಆಮೇಲೆ ನಕ್ಷೆ ನೋಡಿದರೆ ಆ ಜರಿ ಅದರಲ್ಲಿ ಇರಲೇ ಇಲ್ಲ. ಇರುವುದಾದರೂ ಹೇಗೆ? ಗೆರೆ ಇರುವುದೇ 20 ಮೀಟರಿಗೊಂದು. ನಲವತ್ತು ಅಡಿ ಅಂದರೆ 12 ಮೀಟರ್. ಎರಡು ಗೆರೆಗಳ ನಡುವೆ ಆರಾಮಾಗಿ ಅಡಗಿ ಕೂತಿತ್ತು.

ರಾತ್ರಿ ಪೂರ್ತಿ ಅಲ್ಲೇ, ಬಂಡೆಗೆ ಬೆನ್ನು ಕೊಟ್ಟು. ಸ್ವೆಟರ್ ಇಲ್ಲ, ಬೆಂಕಿಪೊಟ್ಟಣ ಇಲ್ಲ. ಎಲ್ಲೋ ಮೇಲೆ ಕರಡಿ ಗುರುಗುಟ್ಟಿ ಹುತ್ತ ಕೆರೆಯುವ ಸದ್ದು. ಬೆಳಿಗ್ಗೆ ಕುರಿಯ ಅಜ್ಜ ಒಬ್ಬರ ನಾಯಿ ನನ್ನನ್ನು ಕಂಡು ಬೊಗಳಿತು. ಅಜ್ಜ ಸೊಪ್ಪು ಕಡಿಯುವ ದೋಟಿಯನ್ನು ಕೆಳಗೆ ಇಳಿಬಿಟ್ಟರು. ಅದನ್ನು ಹಿಡಿದು, ಕಾಲು ಕಲ್ಲಿಗೆ ಒತ್ತಿ, ಅವರು ಎಳೆದಂತೆ ಹತ್ತಿದೆ.

"ದಾರಿ ತಪ್ಪಿದ್ದು ಎಲ್ಲಿ ಅಂತ ಗೊತ್ತಿತ್ತೇನೋ?" ಅಂದರು.

"ಹೂಂ ಅಜ್ಜ, ಆ ಬಂದರೆ ಗಿಡದ ತಾವ."

"ಮತ್ತೆ ಅಲ್ಲೇ ಕೂತ್ಕಳಾದಲ್ವೇನೋ? ಹಳ್ಳ ನೀರಿಗೆ ದಾರಿ ಕಣೋ, ಮನ್ಷಂಗಲ್ಲ."

ಅಜ್ಜ ಬೈದದ್ದರಲ್ಲಿ ನನ್ನ ಪಾಠವೆಲ್ಲ ಇದೆ. ಜಾಡು ತಪ್ಪುವುದು ತಪ್ಪಲ್ಲ, ಎಲ್ಲರಿಗೂ ತಪ್ಪುತ್ತದೆ. ನನಗೆ ಈಗಲೂ ದಿನಕ್ಕೆ ನಾಲ್ಕು ಸಲ ತಪ್ಪುತ್ತದೆ. ತಪ್ಪಿತು ಅನ್ನಿಸಿದ ಮೇಲೂ "ಮುಂದೆ ಸಿಗುತ್ತೆ ಬಿಡು" ಅಂತ ನಡೆಯುವುದೇ ಅಪಾಯ. ಆದ್ದರಿಂದ ಹೀಗೆ ಮಾಡಿ. ಅನುಮಾನ ಬಂದ ತಕ್ಷಣ ನಿಲ್ಲಿ. ಒಬ್ಬರನ್ನು ಅಲ್ಲೇ ನಿಲ್ಲಿಸಿ, ಇನ್ನೊಬ್ಬರು ಐವತ್ತು ಹೆಜ್ಜೆ ಎಡಕ್ಕೆ ಹೋಗಿ ವಾಪಸ್ ಬನ್ನಿ. ಆಮೇಲೆ ಬಲಕ್ಕೆ, ಆಮೇಲೆ ಮುಂದಕ್ಕೆ. ಕೂಗು ಕೇಳುವಷ್ಟು ದೂರ ಮಾತ್ರ. ಮೂರೂ ಕಡೆ ಸಿಗದಿದ್ದರೆ, ಖಾತ್ರಿಯಾಗಿ ದಾರಿ ಅಂತ ಗೊತ್ತಿದ್ದ ಕೊನೆಯ ಗುರುತಿನ ತನಕ ಹಿಂದಕ್ಕೆ ಹೋಗಿ. ಅಲ್ಲಿಂದ ನೋಡಿದರೆ ಬಹಳ ಸಲ ಕವಲು ತಾನಾಗೇ ಕಾಣುತ್ತದೆ. ಹತ್ತಿ ವಾಪಸ್ ಬರಲು ಆಗದ ಕಡೆ ಜಿಗಿಯಬೇಡಿ, ಅದು ನಾಲ್ಕೇ ಅಡಿ ಇರಲಿ.

ಹಿಂದಕ್ಕೆ ಹೋಗಬೇಕಾದರೆ ಹಿಂದಿನ ದಾರಿ ಗೊತ್ತಿರಬೇಕು. ಅದಕ್ಕೆ ಪ್ರತಿ ತಿರುವಿನಲ್ಲಿ ಒಮ್ಮೆ ತಿರುಗಿ ನಿಂತು ನೋಡಿ. ಹೋಗುವಾಗ ಕಂಡ ಗುಡ್ಡ ಬೇರೆ, ಬರುವಾಗ ಕಾಣುವ ಗುಡ್ಡವೇ ಬೇರೆ. ಬಟ್ಟೆಯ ಗುರುತು ಕಟ್ಟುವುದೂ ಒಳ್ಳೆಯದು. ನನ್ನ ಹೆಂಡತಿ ಹೊಲಿಗೆ ಮಾಡುತ್ತಾಳೆ. ಅವಳ ಚೂರು ಬಟ್ಟೆಯಲ್ಲಿ ಕೆಂಪು ಪಟ್ಟಿ ಕತ್ತರಿಸಿಕೊಂಡು ಹೋಗುತ್ತೇನೆ. ಕವಲು ಇರುವ ಕಡೆ ಮಾತ್ರ, ವಾಪಸ್ ಬರುವವರಿಗೆ ಕಾಣುವ ಹಾಗೆ, ಕಣ್ಣಿನ ಮಟ್ಟದಲ್ಲಿ ಕಟ್ಟಬೇಕು. ಬರುವಾಗ ಒಂದೊಂದೇ ಬಿಚ್ಚಿಕೊಂಡು ಬರಬೇಕು. ಎಷ್ಟು ಕಟ್ಟಿದೆ ಅನ್ನುವ ಲೆಕ್ಕ ಬರೆದಿಟ್ಟುಕೊಳ್ಳಿ. ಬಂಡೆಗೆ ಬಣ್ಣದ ಬಾಣ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕಾಲ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಸಿರು ಚೆಂದ, ಆದರೆ ಹುಲ್ಲು ಜಾಡನ್ನು ಮುಚ್ಚಿರುತ್ತದೆ. ಹಿಂಗಾರಿನ ಗುಡುಗು ಮಳೆ ಸಂಜೆ ಹೊತ್ತಿಗೆ ಬರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ನೆತ್ತಿಯಲ್ಲಿ ಸುರಿದ ಮಳೆ ಹಳ್ಳಕ್ಕೇ ಬರುವುದು. ಹಾಗಾಗಿ ಮೋಡ ಕಂಡರೆ ಹಳ್ಳ ಬಿಟ್ಟು ಮೇಲೇರಿ. ಡಿಸೆಂಬರ್, ಜನವರಿ ನನಗೆ ಇಷ್ಟ. ಫೆಬ್ರವರಿ ಆದಮೇಲೆ ಬೇಡ. ದೊಣೆಯಲ್ಲಿ ನೀರಿರುವುದಿಲ್ಲ, ಒಂದು ಬೀಡಿ ತುಂಡಿಗೆ ಗುಡ್ಡವೇ ಹೊತ್ತಿಕೊಳ್ಳುತ್ತದೆ.

ನೀರು ತಲೆಗೆ ನಾಲ್ಕು ಲೀಟರ್. ಭಾರ ಅಂತ ಗೊಣಗುವವರಿಗೆ ಮಧ್ಯಾಹ್ನ ಉತ್ತರ ಸಿಗುತ್ತದೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಒಂದೆರಡು ಈರುಳ್ಳಿ. ಉದ್ದ ತೋಳಿನ ದಪ್ಪ ಅಂಗಿ, ಹಳೇ ಜೀನ್ಸ್, ಕಣಕಾಲು ಮುಚ್ಚುವ ಬೂಟು, ಎದೆಯೆತ್ತರದ ಒಂದು ಕೋಲು. ಬ್ಯಾಟರಿ ಲೈಟು ಇಬ್ಬರ ಹತ್ತಿರವಾದರೂ ಇರಲಿ. ಬೆಂಕಿಪೊಟ್ಟಣ ಕೇಳಬೇಡಿ, ಕಾಡಿನೊಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಅದರ ಬದಲು ಒಂದು ಸ್ವೆಟರ್ ಇಟ್ಟುಕೊಳ್ಳಿ.

ಹೊತ್ತಿನ ಲೆಕ್ಕವೂ ಬೇರೆ. ಡಾಂಬರು ರಸ್ತೆಯಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆಯುವವರು ಈ ಜಾಡಿನಲ್ಲಿ ಒಂದೂವರೆ ನಡೆದರೆ ಹೆಚ್ಚು. ಜೋಗಿಮಟ್ಟಿ ನೆತ್ತಿ ಸುಮಾರು 3,800 ಅಡಿ, ಊರಿಗಿಂತ 1,400 ಅಡಿಯಾದರೂ ಮೇಲೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಆದರೆ ಹಳ್ಳದೊಳಗೆ ನಾಲ್ಕೂವರೆಗೇ ಮಸುಕಾಗುತ್ತದೆ, ಏಣು ಅಡ್ಡ ಬರುತ್ತದಲ್ಲ. ನಾನು ಎಲ್ಲಿದ್ದರೂ ಒಂದು ಗಂಟೆಗೆ ವಾಪಸ್ ತಿರುಗುತ್ತೇನೆ. ನೆತ್ತಿ ನೂರು ಹೆಜ್ಜೆ ಇದ್ದರೂ ಸರಿ. ಹುಡುಗರು ಇದಕ್ಕೆ ಸಿಟ್ಟಾಗುತ್ತಾರೆ.

ಪ್ರಾಣಿಗಳಲ್ಲಿ ಚಿರತೆಗಿಂತ ನನಗೆ ಕರಡಿ ಭಯ ಜಾಸ್ತಿ. ಚಿರತೆ ನಮ್ಮನ್ನು ಮೊದಲೇ ನೋಡಿ ಸರಿದುಬಿಡುತ್ತದೆ. ಕರಡಿಗೆ ಕಣ್ಣು ಮಂದ, ತಿನ್ನುವಾಗ ಮೈಮೇಲೆ ಎಚ್ಚರ ಇರುವುದಿಲ್ಲ. ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಮೈಮೇಲೆ ಬರುತ್ತದೆ. ಅದಕ್ಕೆ ತಿರುವುಗಳಲ್ಲಿ, ಪೊದೆ ದಟ್ಟ ಇರುವ ಕಡೆ ಜೋರಾಗಿ ಮಾತಾಡಿ, ಚಪ್ಪಾಳೆ ತಟ್ಟಿ. ಹೊಸದಾಗಿ ಕೆದರಿದ ಹುತ್ತ, ಬೀಜ ತುಂಬಿದ ಲದ್ದಿ ಕಂಡರೆ ಆ ಕಡೆ ಬೇಡ. ಗವಿ ಕಂಡರೆ ಒಳಗೆ ಇಣುಕಬೇಡಿ. ಎದುರಾದರೆ ಓಡಬೇಡಿ, ಮರ ಹತ್ತಬೇಡಿ, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. ಮುಖ ಅದರ ಕಡೆಯೇ ಇಟ್ಟುಕೊಂಡು ನಿಧಾನಕ್ಕೆ ಹಿಂದೆ ಸರಿಯಿರಿ.

ಬಂಡೆ ಹಿಡಿಯುವ ಮೊದಲು ಕೈ ಇಡುವ ಜಾಗ ನೋಡಿ. ಉರಿಮಂಡಲ, ಕೊಳಕುಮಂಡಲ ಎರಡೂ ಈ ಸೀಮೆಯಲ್ಲಿವೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಆ ಕೈಯೋ ಕಾಲೋ ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ತಂದು, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಸೇರಿಸಿ. ಜರಿಯ ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ. ವಾಸನೆಗೆ ಅವು ರೇಗುತ್ತವೆ ಅಂತ, ಸೆಂಟು ಹಾಕಿಕೊಂಡು ಬಂದ ಹುಡುಗನನ್ನು ನಾನು ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಕಳಿಸಿದ್ದೇನೆ.

ಹೊರಡುವ ಹಿಂದಿನ ರಾತ್ರಿ ಒಂದು ಚೀಟಿ ಬರೆದು ಮನೆಯಲ್ಲಿ ಕೊಡಿ. ಯಾವ ಕಡೆಯಿಂದ ಹತ್ತುವುದು, ಯಾವ ಕಡೆ ಇಳಿಯುವುದು, ಜೊತೆಗೆ ಯಾರು, ಗಾಡಿ ಎಲ್ಲಿ ನಿಲ್ಲಿಸುವುದು. ಕೊನೆಗೆ, ಎಷ್ಟು ಗಂಟೆಯೊಳಗೆ ಫೋನ್ ಮಾಡುತ್ತೀರಿ ಅನ್ನುವುದು. ನಮ್ಮ ಮನೆ ಚೀಟಿಯಲ್ಲಿ ಏಳು ಗಂಟೆ ಅಂತ ಇರುತ್ತದೆ. ಅಷ್ಟರೊಳಗೆ ಫೋನ್ ಬರದಿದ್ದರೆ ನನ್ನ ಹೆಂಡತಿ 112ಕ್ಕೆ ಮತ್ತು ವಾಚರ್‌ಗೆ ಫೋನ್ ಮಾಡಬೇಕು. ಒಮ್ಮೆ ಕೆಳಗೆ ಬಂದು ಟೀ ಕುಡಿಯುತ್ತಾ ಮರೆತುಬಿಟ್ಟಿದ್ದೆ. ಏಳೂ ಐದಕ್ಕೆ ಅವಳೇ ಫೋನ್ ಮಾಡಿ ಬೈದ ಬೈಗುಳ ಟೀ ಅಂಗಡಿಯವರಿಗೆಲ್ಲ ಕೇಳಿಸಿತು.

ಮನೆಗೆ ಬಂದಮೇಲೆ ಬಟ್ಟೆ ಹೊರಗೇ ಕೊಡವಿ. ಕಾಲುಚೀಲದಲ್ಲಿ ಉತ್ರಾಣಿ ಮುಳ್ಳು, ಸೊಂಟದ ಪಟ್ಟಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಇರುತ್ತವೆ. ಉಣ್ಣೆಯನ್ನು ಚಿಮಟದಲ್ಲಿ ಬುಡದ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಆಮೇಲೆ ಕೆಂಪು ಪಟ್ಟಿ ಎಣಿಸಿ. ಹೋದ ಭಾನುವಾರ ಹನ್ನೊಂದು ಕಟ್ಟಿದ್ದೆ, ಚೀಲದಲ್ಲಿ ಹತ್ತೇ ಇವೆ. ಎರಡನೇ ಹಳ್ಳ ದಾಟುವ ಕಡೆ ಕಮರ ಮರದ ಕೊಂಬೆಗೆ ಕಟ್ಟಿದ್ದು ಇರಬೇಕು. ವಾಚರ್‌ಗೆ ಹೇಳಿದ್ದೇನೆ, ಈ ಭಾನುವಾರ ಮತ್ತೆ ಹೋಗಬೇಕು.